ಕಚ್ಚಿಹಿಡಿದ ಕಬ್ಬಿಣ ಕಲಿಸಿದ ಪಾಠ

ನಮ್ಮ ಕಡೆಯ ಏರುತಗ್ಗಿನ ರಸ್ತೆಗಳಲ್ಲಿ ಕೆಂಪುಕಲ್ಲು ತುಂಬಿದ ಲಾರಿ ಇಳಿದು ಬರುವಾಗ ದಾರಿಹೋಕರು ಬದಿಗೆ ಸರಿದು ನಿಲ್ಲುತ್ತಾರೆ. ಅವರ ಕಣ್ಣು ಚಕ್ರದ ಮೇಲೋ ಚಾಲಕನ ಮುಖದ ಮೇಲೋ ಇರುತ್ತದೆ. ಚಾಲಕನ ಕೈಯ ತಿರುವನ್ನು ಚಕ್ರಕ್ಕೆ ಮುಟ್ಟಿಸುವ, ಮೊಳದುದ್ದವೂ ಇಲ್ಲದ ಉಕ್ಕಿನ ತೋಳೊಂದು ಲಾರಿಯ ಅಡಿಯಲ್ಲಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಶಾಲೆಯಲ್ಲಿ ವರ್ಷ ವರ್ಷವೂ ಸರಳ ಯಂತ್ರಗಳ ಪಾಠ ಮಾಡುವ ನನಗೂ ಅದರ ಪರಿಚಯವಾದದ್ದು ಕಳೆದ ಮಳೆಗಾಲ ಮುಗಿದ ಮೇಲೆ, ತಮ್ಮನ ಹಳೆಯ ಲಾರಿಯ ಕೆಳಗೆ ಅಂಗಾತ ಮಲಗಿದಾಗಲೇ.

ಲಾರಿಯ ಸ್ಟಿಯರಿಂಗ್ ಬಾಕ್ಸಿನಿಂದ ಎಣ್ಣೆ ಜಿನುಗುತ್ತಿತ್ತು. ಬದಲಿಸಬೇಕಾದದ್ದು ಬಳೆಯಂತಹ ಒಂದು ಆಯಿಲ್ ಸೀಲ್ ಮಾತ್ರ. ಆದರೆ ಆ ಸೀಲಿಗೆ ಕೈ ತಾಗಬೇಕಾದರೆ ಮೊದಲು ಈ ತೋಳನ್ನು ಕಳಚಬೇಕು. ವರ್ಕ್‌ಶಾಪಿನವರು ಇದಕ್ಕೆ ಡ್ರಾಪ್ ಆರ್ಮ್ ಎನ್ನುತ್ತಾರೆ. ಸೋಮವಾರ ಬೆಳಗ್ಗೆ ಕಲ್ಲು ಸಾಗಿಸುವ ಬಾಡಿಗೆಯನ್ನು ತಮ್ಮ ಒಪ್ಪಿಕೊಂಡಾಗಿತ್ತು. ಶನಿವಾರ ಮಧ್ಯಾಹ್ನ ಮನೆಯಂಗಳದಲ್ಲೇ ಕೆಲಸ ಸುರುವಾಯಿತು. ಸಹಾಯಕ್ಕೆ ನಾನು.

ಹೊಂಡದೊಳಗಿನ ಮನುಷ್ಯ

ಅಮೇರಿಕದವರು ಈ ತೋಳನ್ನು ಪಿಟ್‌ಮನ್ ಆರ್ಮ್ ಎಂದು ಕರೆಯುತ್ತಾರೆ. ಹಿಂದೆ ನಮ್ಮಲ್ಲಿ ಮರ ಕೊಯ್ಯುತ್ತಿದ್ದುದನ್ನು ಹಿರಿಯರು ಬಲ್ಲರು. ಒಬ್ಬನು ದಿಮ್ಮಿಯ ಮೇಲೆ, ಇನ್ನೊಬ್ಬನು ಕೆಳಗೆ ನಿಂತು ಉದ್ದದ ಗರಗಸವನ್ನು ಎಳೆಯುತ್ತಿದ್ದರು. ಪರದೇಶಗಳಲ್ಲಿ ಕೆಳಗಿನವನು ಹೊಂಡದೊಳಗೆ ನಿಲ್ಲುತ್ತಿದ್ದುದರಿಂದ ಅವನಿಗೆ ಪಿಟ್‌ಮನ್, ಅಂದರೆ ಹೊಂಡದ ಮನುಷ್ಯ, ಎಂಬ ಹೆಸರು. ಯಂತ್ರದ ಗರಗಸಗಳು ಬಂದಾಗ ಅವನ ಜಾಗದಲ್ಲಿ ನಿಂತು ಗರಗಸವನ್ನು ಎಳೆದ ಸರಳಿಗೂ ಅದೇ ಹೆಸರು ಬಂತು. ಅಲ್ಲಿಂದ ಅದು ವಾಹನದ ಭಾಗಕ್ಕೂ ಇಳಿದು ಬಂದಿದೆ. ಕಣ್ಣಿಗೆ ಬೀಳದೆ ದುಡಿಯುವವನ ಹೆಸರು ಕಣ್ಣಿಗೆ ಬೀಳದ ಭಾಗಕ್ಕೆ ಸಂದದ್ದು ಸರಿಯೇ ಆಯಿತು.

ಸ್ಟಿಯರಿಂಗ್ ಬಾಕ್ಸಿನಿಂದ ಹೊರಬಂದ ಗಟ್ಟಿ ಶಾಫ್ಟಿನ ತುದಿಗೆ ಈ ತೋಳನ್ನು ತೊಡಿಸಿರುತ್ತಾರೆ. ತೋಳಿನ ಇನ್ನೊಂದು ತುದಿ ಡ್ರ್ಯಾಗ್ ಲಿಂಕ್ ಎಂಬ ಸರಳಿನ ಮೂಲಕ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಶಾಫ್ಟಿನ ಸುತ್ತ ಸ್ಪ್ಲೈನ್ ಎನ್ನುವ ಸಣ್ಣ ಸಣ್ಣ ಹಲ್ಲುಗಳಿವೆ. ತುದಿಯತ್ತ ಹೋದಂತೆ ಅದು ಸಪೂರವಾಗುತ್ತದೆ. ನಟ್ಟು ಬಿಗಿದಷ್ಟೂ ತೋಳು ಆ ಬೆಣೆಯ ಮೇಲೆ ಏರಿ ಕುಳಿತುಕೊಳ್ಳುತ್ತದೆ. ಪಿಕ್ಕಾಸಿನ ತಲೆ ಕಾವಿನ ದಪ್ಪ ತುದಿಯಲ್ಲಿ ಕಚ್ಚಿ ನಿಲ್ಲುವುದಿಲ್ಲವೇ, ಹಾಗೆ. ಅದರ ಮೇಲೆ ವರ್ಷಗಟ್ಟಲೆ ಮಳೆನೀರು, ಕೆಸರು, ತುಕ್ಕು ಸೇರಿದರೆ ನಟ್ಟು ತೆಗೆದ ಮೇಲೂ ತೋಳು ಅಲುಗುವುದಿಲ್ಲ. ಚಾಲಕನ ಜೀವ ಉಳಿಸುವುದೂ ಈ ಹಿಡಿತವೇ, ರಿಪೇರಿಯವನನ್ನು ಸತಾಯಿಸುವುದೂ ಇದೇ.

ನಾನು ಹೊಡೆದ ಪೆಟ್ಟು

ತಮ್ಮ ಮೊದಲು ಮಾಡಿದ ಕೆಲಸ ಲಾರಿಯನ್ನು ಭದ್ರಪಡಿಸಿದ್ದು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಜ್ಯಾಕಿನಿಂದ ಮುಂಭಾಗ ಎತ್ತಿ, ಆಕ್ಸಿಲಿನ ಅಡಿಗೆ ದಪ್ಪ ಮರದ ತುಂಡುಗಳನ್ನಿರಿಸಿದ. ಅಂಗಳದ ಮೂಲೆಯಲ್ಲಿ ಕೆಂಪುಕಲ್ಲಿನ ರಾಶಿಯೇ ಇತ್ತು. "ಇದನ್ನೇ ಇಟ್ಟರಾಗದೇ?" ಎಂದೆ. "ಬೇಡ ಅಣ್ಣ, ಇದು ಗೋಡೆಗೆ ಒಳ್ಳೇದು. ಲಾರಿಯ ಅಡಿಯಲ್ಲಿ ಒಮ್ಮೆಲೇ ಒಡೆದು ಹೋದೀತು" ಎಂದ.

ಚಕ್ರಗಳನ್ನು ನೇರವಾಗಿಟ್ಟು ಡ್ರ್ಯಾಗ್ ಲಿಂಕನ್ನು ಬಿಡಿಸಿದೆವು. ತೋಳು ಯಾವ ಹಲ್ಲಿಗೆ ಕೂತಿದೆಯೆಂದು ಗುರುತು ಮಾಡಬೇಕೆಂದು ನಾನು ಕಿಸೆಯಿಂದ ಸೀಮೆಸುಣ್ಣ ತೆಗೆದೆ. ತಮ್ಮ ನಕ್ಕ. ಎಣ್ಣೆಯ ಮೇಲೆ ಸೀಮೆಸುಣ್ಣ ನಿಲ್ಲುವುದುಂಟೇ! ಅವನು ಪಂಚು ಬಡಿದು ಶಾಫ್ಟಿಗೂ ತೋಳಿಗೂ ಎದುರುಬದುರಾಗಿ ಒಂದೊಂದು ಚುಕ್ಕೆ ಹಾಕಿದ. ಒಂದು ಹಲ್ಲು ತಪ್ಪಿ ಕೂತರೂ ಸ್ಟಿಯರಿಂಗ್ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ತಿರುಗುತ್ತದೆ.

ನಟ್ಟು ಕಳಚಿತು, ತೋಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತಮ್ಮ ಎಣ್ಣೆ ತರಲು ಒಳಗೆ ಹೋಗಿದ್ದಾಗ ನನಗೆ ತಾಳ್ಮೆ ತಪ್ಪಿತು. ಸುತ್ತಿಗೆ ತೆಗೆದು ಶಾಫ್ಟಿನ ತುದಿಗೆ ಬಲವಾಗಿ ಒಂದು ಪೆಟ್ಟು ಕೊಟ್ಟೆ. ತಮ್ಮ ಓಡಿಬಂದು "ಅಣ್ಣಾ, ಬೇಡ!" ಎಂದು ಕೂಗುವಾಗ ಶಾಫ್ಟಿನ ಮೊದಲ ಎಳೆ ಚಪ್ಪಟೆಯಾಗಿತ್ತು. ಮೂರುಮೂಲೆ ಅರದಿಂದ ಅದನ್ನು ತಿದ್ದಲು ಅವನಿಗೆ ಒಂದು ಗಂಟೆ ಹಿಡಿಯಿತು. ಕಣ್ಣಿಗೆ ಕಂಡ ಹಾನಿ ಅಷ್ಟೇ. ಕಾಣದ ಹಾನಿ ಇನ್ನೂ ಕೆಟ್ಟದು. ಶಾಫ್ಟಿಗೆ ಬಿದ್ದ ಪೆಟ್ಟು ಬಾಕ್ಸಿನೊಳಗಿನ ಬೇರಿಂಗಿಗೂ ಹಲ್ಲುಗಳಿಗೂ ಹೋಗುತ್ತದೆ. ಅಲ್ಲಿ ಬಿದ್ದ ಸಣ್ಣ ತಗ್ಗು ಮುಂದೊಂದು ದಿನ ತಿರುವಿನಲ್ಲಿ ಸ್ಟಿಯರಿಂಗನ್ನು ತಡೆದು ಹಿಡಿದರೆ ಯಾರು ಹೊಣೆ?

ಎಳೆತವೂ ಪೆಟ್ಟೂ ಜೊತೆಯಾಗಬೇಕು

ನೆರೆಯಲ್ಲಿ ನಿವೃತ್ತ ಮೆಕ್ಯಾನಿಕರೊಬ್ಬರಿದ್ದಾರೆ. ಮಾತು ಮಲಯಾಳ, ನಮ್ಮ ಕನ್ನಡವೂ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸಂಜೆ ಅವರೇ ಪುಲ್ಲರನ್ನು ಹೆಗಲ ಮೇಲೆ ಹೊತ್ತು ತಂದರು. ನನ್ನ ಪರಾಕ್ರಮವನ್ನು ಕೇಳಿ "ಪದುಕ್ಕೆ ಮಾಷೇ, ಪದುಕ್ಕೆ" ಎಂದಷ್ಟೇ ಹೇಳಿದರು.

ಪುಲ್ಲರಿನ ಕೊಕ್ಕೆಗಳು ತೋಳಿನ ಹಿಂದೆ ಕಚ್ಚುತ್ತವೆ. ನಡುವಿನ ಸ್ಕ್ರೂ ಶಾಫ್ಟಿನ ತುದಿಯನ್ನು ಒತ್ತುತ್ತದೆ. ಸ್ಕ್ರೂ ತಿರುಗಿಸಿದಂತೆ ತೋಳು ಹೊರಕ್ಕೆ ಎಳೆಯಲ್ಪಡುತ್ತದೆ. ಇದು ಎಂಟನೆಯ ತರಗತಿಯ ಹುಡುಗರೂ ಮಾಡಬಹುದಾದ ಲೆಕ್ಕ. ಹಿಡಿ 30 ಸೆಂಟಿಮೀಟರ್ ಉದ್ದ, ಒಂದು ಸುತ್ತಿಗೆ ಸ್ಕ್ರೂ ಮುಂದೆ ಹೋಗುವುದು 1.5 ಮಿಲಿಮೀಟರ್ ಎಂದಾದರೆ ನಮ್ಮ ಬಲ ಸುಮಾರು 1,250 ಪಟ್ಟಾಗುತ್ತದೆ. 20 ಕಿಲೋ ಬಲ ಹಾಕಿದರೆ ಕಾಗದದ ಮೇಲೆ 25 ಟನ್. ಘರ್ಷಣೆ ಅದರ ಬಹುಪಾಲನ್ನು ತಿಂದುಹಾಕುತ್ತದೆ. ಎಂಟರಲ್ಲೊಂದು ಪಾಲು ಉಳಿದರೂ 3 ಟನ್ನಿಗೆ ಕಡಿಮೆಯಿಲ್ಲ.

ಆದರೂ ಅವರು ಕೇವಲ ಬಿಗಿಯುತ್ತ ಹೋಗಲಿಲ್ಲ. ಮೊದಲು ನಟ್ಟನ್ನು ಮರಳಿ ನಾಲ್ಕೈದು ಸುತ್ತು ಹಾಕಿಸಿದರು. ತೋಳು ಒಮ್ಮೆಲೇ ಬಿಟ್ಟಾಗ ಅದೂ ಪುಲ್ಲರೂ ಕೆಳಗೆ ಮಲಗಿದವನ ಮುಖದ ಮೇಲೆ ಬೀಳಬಾರದಲ್ಲ. ನಟ್ಟು ಪೂರ್ತಿ ತೆಗೆದಿಟ್ಟು ಸುತ್ತಿಗೆ ಬೀಸಿದ್ದು ನನ್ನ ಎರಡನೆಯ ತಪ್ಪೆಂದು ಆಗ ತಿಳಿಯಿತು. ಬಳಿಕ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಪುಲ್ಲರ್ ಬಿಗಿದು, ಹಾಗೆಯೇ ರಾತ್ರಿ ಬಿಟ್ಟರು. ಗ್ಯಾಸಿನಲ್ಲಿ ಕಾಯಿಸಿದರೆ ಬೇಗ ಬಿಟ್ಟೀತೇ ಎಂದು ತಮ್ಮ ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಹದಗೊಳಿಸಿದ ಉಕ್ಕು ಹೆಚ್ಚು ಕಾದರೆ ಅದರ ಗಟ್ಟಿತನ ಹೋಗುತ್ತದೆ. ಸುತ್ತಲಿನ ಎಣ್ಣೆ, ಗ್ರೀಸಿಗೆ ಬೆಂಕಿ ಹಿಡಿಯುವ ಭಯ ಬೇರೆ. ಬಾಕ್ಸಿಗೂ ತೋಳಿಗೂ ನಡುವೆ ಉಳಿ ಬಡಿಯುವುದಕ್ಕೂ ಬಿಡಲಿಲ್ಲ. ಬಾಕ್ಸು ಎರಕದ್ದು, ಬಿರುಕು ಬಿಟ್ಟರೆ ಮುಗಿಯಿತು.

ಭಾನುವಾರ ಬೆಳಗ್ಗೆ ಇನ್ನೊಂದು ಕಾಲು ಸುತ್ತು ಬಿಗಿದರು. ತೋಳಿನ ದಪ್ಪ ತಲೆಯ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿಯಲು ನನಗೆ ಹೇಳಿ, ಎದುರು ಬದಿಗೆ ತಮ್ಮನಿಂದ ಚುರುಕಾಗಿ ಹೊಡೆಸಿದರು. ಪೆಟ್ಟು ಶಾಫ್ಟಿನ ತುದಿಗಲ್ಲ, ತೋಳಿನ ಬದಿಗೆ. ಆ ಅದುರಿಗೆ ತೋಳಿನ ತೂತು ಕ್ಷಣಕಾಲ ಕೂದಲೆಳೆಯಷ್ಟು ರೂಪ ಬದಲಿಸುತ್ತದೆ, ಹಿಡಿತ ಸಡಿಲುತ್ತದೆ, ಕಾದಿದ್ದ ಎಳೆತ ಕೆಲಸ ಮಾಡುತ್ತದೆ. ಮೂರನೆಯ ಪೆಟ್ಟಿಗೆ ಗರ್ನಾಲು ಸಿಡಿದಂತಹ ಸದ್ದು. ಜಗಲಿಯಲ್ಲಿದ್ದ ಅಮ್ಮ ಬೆಚ್ಚಿಬಿದ್ದರು. ತೋಳು ಒಂದು ಬೆರಳು ಜಾರಿ ನಟ್ಟಿನ ಮೇಲೆ ಸುಮ್ಮನೆ ಕುಳಿತಿತ್ತು.

ಒಂದು ದಿನದ ಬಾಡಿಗೆ

ಮಧ್ಯಾಹ್ನದೊಳಗೆ ಹೊಸ ಸೀಲ್ ಕೂತಿತು. ಮೆಕ್ಯಾನಿಕರು ಶಾಫ್ಟನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡರು. ಹಲ್ಲುಗಳನ್ನು ತೊಳೆದು, ಚುಕ್ಕೆಗೆ ಚುಕ್ಕೆ ಸೇರಿಸಿ ತೋಳು ತೊಡಿಸಿ, ಹೊಸ ನಟ್ಟು ಹಾಕಿದೆವು. ಕೆಲಸ ಮುಗಿಯಿತೆಂದು ನಾನು ಕೈತೊಳೆಯಲು ಹೊರಟಿದ್ದೆ.

"ಮುಗಿಯಲಿಲ್ಲ" ಎಂದರು ಅವರು. ಈ ನಟ್ಟಿಗೆ ತಯಾರಕರು ನಿಗದಿಪಡಿಸಿದ ಬಿಗಿ ಇರುತ್ತದೆ. ಅದನ್ನು ಅಳೆದು ಬಿಗಿಯುವ ಟಾರ್ಕ್ ರೆಂಚು ನಮ್ಮಲ್ಲಿರಲಿಲ್ಲ. ಭಾನುವಾರ ವರ್ಕ್‌ಶಾಪು ತೆರೆದಿರಲಿಲ್ಲ. ಕೈಯಂದಾಜಿನಲ್ಲಿ ಬಿಗಿದು ಸೋಮವಾರ ಕಲ್ಲು ಹೊರಲು ಹೊರಟರೆ ತಡೆಯುವವರು ಯಾರೂ ಇಲ್ಲ. ನಟ್ಟು ಸಡಿಲಾಗಿ ತೋಳು ಕಳಚಿದರೆ ಮಾತ್ರ, ಚಾಲಕ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಚಕ್ರಕ್ಕೆ ಅದು ತಿಳಿಯುವುದಿಲ್ಲ. ನಮ್ಮ ಮಕ್ಕಳು ಶಾಲೆಗೆ ನಡೆದು ಬರುವುದೂ ಅದೇ ಇಳಿಜಾರಿನ ರಸ್ತೆಯಲ್ಲಿ.

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಫೋನ್ ಮಾಡಿ ಬಾಡಿಗೆ ಬೇಡವೆಂದು ಹೇಳಿದ. ಸೋಮವಾರ ವರ್ಕ್‌ಶಾಪಿನ ಹುಡುಗ ರೆಂಚು ಹಿಡಿದು ಅಂಗಳಕ್ಕೇ ಬಂದ. ಬಿಗಿದು, ಲಾಕ್ ಪಟ್ಟಿ ಮಡಚಿ, ಖಾಲಿ ಲಾರಿಯನ್ನು ಬಯಲಿನಲ್ಲಿ ಮೆಲ್ಲಗೆ ಓಡಿಸಿ ನೋಡಿದ ಮೇಲೆಯೇ ಅದು ರಸ್ತೆಗಿಳಿದದ್ದು. ಒಂದು ದಿನದ ಸಂಪಾದನೆ ಹೋಯಿತು, ನಿಜ.

ಮನೆಯಲ್ಲೇ ರಿಪೇರಿ ಮಾಡುವುದು ತಪ್ಪಲ್ಲ. ನಮ್ಮಂತಹ ಸಾಧಾರಣ ಕುಟುಂಬಗಳು ಹಾಗೆ ಮಾಡದೆ ನಿರ್ವಾಹವೂ ಇಲ್ಲ. ಆದರೆ ನಮ್ಮ ಕೈ ಎಲ್ಲಿಯವರೆಗೆ ಸಾಕು, ಎಲ್ಲಿಂದ ಸಾಲದು ಎಂಬ ತಿಳಿವಳಿಕೆಯೂ ಸ್ಪ್ಯಾನರಿನ ಜೊತೆಗೆ ಪೆಟ್ಟಿಗೆಯಲ್ಲಿರಬೇಕು. ಈಗ ತರಗತಿಯಲ್ಲಿ ಬೆಣೆಯ ಪಾಠ ಬಂದಾಗಲೆಲ್ಲ ನಾನು ಪುಸ್ತಕ ಬದಿಗಿಟ್ಟು, ಅರದಿಂದ ತಿದ್ದಿದ ಆ ಎಳೆಯ ಕತೆಯನ್ನೇ ಮೊದಲು ಹೇಳುತ್ತೇನೆ.