ಆಕಾಶಗಂಗೆಯ ಜನ್ಮವೃತ್ತಾಂತ

ನಮ್ಮ ಆಕಾಶಗಂಗೆ ಒಂದೇ ಮೂಲದಿಂದ ಉದಿಸಿತೋ ಅಥವಾ ಹಲವು ಸಣ್ಣ ಗೆಲಾಕ್ಸಿಗಳು ಕೂಡಿ ಆದುದೋ ಎಂಬ ಪ್ರಶ್ನೆ ಖಗೋಲಜ್ಞರನ್ನು ಬಹುಕಾಲ ಎರಡು ಪಕ್ಷಗಳಾಗಿ ಒಡೆದಿತ್ತು.

1962ರಲ್ಲಿ ಎಗ್ಗೆನ್, ಲಿಂಡೆನ್-ಬೆಲ್, ಸ್ಯಾಂಡೇಜ್ ಎಂಬ ಮೂವರು 221 ಕುಬ್ಜನಕ್ಷತ್ರಗಳ ಚಲನೆಯನ್ನು ಪರೀಕ್ಷಿಸಿದರು. ಹೀಲಿಯಮ್ಮಿಗಿಂತ ಭಾರವಾದ ಧಾತುಗಳನ್ನೆಲ್ಲ ಲೋಹವೆಂದೇ ಕರೆಯುವುದು ಈ ಶಾಸ್ತ್ರದ ರೂಢಿ. ಇವು ಬಹುಮಟ್ಟಿಗೆ ನಕ್ಷತ್ರಗಳ ಒಡಲಿನಲ್ಲೇ ಬೇಯುವುದರಿಂದ, ಲೋಹಾಂಶ ಕಡಮೆಯಿದ್ದಷ್ಟೂ ನಕ್ಷತ್ರ ಸಾಮಾನ್ಯವಾಗಿ ಹಳೆಯದು. ಅಂಥ ಹಳೆಯ ನಕ್ಷತ್ರಗಳ ಕಕ್ಷೆಗಳು ಬಹಳ ನೀಳವಾಗಿದ್ದುವು. ಒಂದು ಬೃಹತ್ ಅನಿಲರಾಶಿ ಶೀಘ್ರವಾಗಿ ಒಳಕ್ಕೆ ಕುಸಿಯುತ್ತಿದ್ದಾಗಲೇ ಅವು ಹುಟ್ಟಿರಬೇಕೆಂದು ಆ ಮೂವರು ನಿರ್ಣಯಿಸಿದರು.

ವಾದವೇನೋ ಸೊಗಸಾದುದು. ಆದರೆ 1978ರಲ್ಲಿ ಸರ್ಲ್ ಮತ್ತು ಝಿನ್ ದೂರದ ಗೋಳಾಕಾರದ ನಕ್ಷತ್ರಗುಚ್ಛಗಳನ್ನು ಪರಿಶೀಲಿಸಿದರು. ಏಕರಾಶಿ ಕುಸಿದದ್ದೇ ನಿಜವಾದರೆ ಹೊರಹೋದಂತೆ ಲೋಹಾಂಶ ಕ್ರಮವಾಗಿ ಇಳಿಯಬೇಕಷ್ಟೆ. ಹೊರವಲಯದಲ್ಲಿ ಅಂಥ ಕ್ರಮವೇ ಕಾಣಲಿಲ್ಲ. ಬೇರೆ ಬೇರೆ ತುಣುಕುಗಳಲ್ಲಿ ಹುಟ್ಟಿದ ಗುಚ್ಛಗಳು ಕಾಲಾಂತರದಲ್ಲಿ ಬಂದು ಸೇರಿದುವೆಂದು ಅವರು ಪ್ರತಿಪಾದಿಸಿದರು.

ಇಂಥ ಸಂಗಮದಲ್ಲಿ ನಕ್ಷತ್ರಕ್ಕೆ ನಕ್ಷತ್ರ ಡಿಕ್ಕಿ ಹೊಡೆಯುವುದಿಲ್ಲವೆಂದೇ ಹೇಳಬೇಕು. ಅವುಗಳ ನಡುವಣ ಅಂತರ ಅಷ್ಟು ಅಪಾರ. ಕೆಲಸ ಮಾಡುವುದು ಗುರುತ್ವ. ಚಂದ್ರನು ಕಡಲನ್ನು ಉಬ್ಬಿಸುವಂತೆ ಒಂದು ಗೆಲಾಕ್ಸಿ ಇನ್ನೊಂದನ್ನು ಸೆಳೆದು ಉದ್ದನೆಯ ಬಾಲಗಳನ್ನು ಎಳೆಯುತ್ತದೆ. ಇದನ್ನು 1972ರಲ್ಲೇ ತೂಮ್ರೆ ಸಹೋದರರು ಗಣಕಯಂತ್ರದಿಂದ ಲೆಕ್ಕಹಾಕಿ ತೋರಿಸಿದ್ದರು. ಅನಿಲದ ಮೋಡಗಳಾದರೋ ನಿಜವಾಗಿ ತಾಗಿ, ಒತ್ತಿ, ಹೊಸ ನಕ್ಷತ್ರಗಳನ್ನು ಹೆರುತ್ತವೆ. ವಿಶ್ವದ ಆದಿಯಲ್ಲಿ ಗೆಲಾಕ್ಸಿಗಳು ಇಂದಿಗಿಂತ ಹತ್ತಿರ ಹತ್ತಿರವಿದ್ದು ಅನಿಲಭರಿತವಾಗಿದ್ದುದರಿಂದ ಸಂಗಮಗಳೂ ಹೆಚ್ಚು, ಫಲವೂ ಹೆಚ್ಚು.

ಸಾಕ್ಷ್ಯ ದೊರೆತದ್ದು 2018ರಲ್ಲಿ. ಗಾಯಾ ಉಪಗ್ರಹವು 130 ಕೋಟಿಗೂ ಮಿಕ್ಕ ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆದು ಕೊಟ್ಟಿತು. ಆಕಾಶಗಂಗೆಯ ಪರಿವೇಷದಲ್ಲಿ ಒಂದು ದೊಡ್ಡ ಗುಂಪಿನ ಕಕ್ಷೆಗಳು ಕೇಂದ್ರದತ್ತ ನೇರವಾಗಿ ಧಾವಿಸಿ ಮರಳುವಂಥವು. ಧಾತುಗಳ ಪ್ರಮಾಣವೂ ಇಲ್ಲಿಯದಲ್ಲ. ವಲಸೆ ಬಂದವನ ಮಾತಿನಲ್ಲಿ ತವರಿನ ಉಚ್ಚಾರ ಉಳಿಯುವ ಹಾಗೆ, ನಕ್ಷತ್ರವೂ ತನ್ನ ಹುಟ್ಟೂರಿನ ಗುರುತನ್ನು ಬಿಟ್ಟುಕೊಡುವುದಿಲ್ಲ. ಸುಮಾರು 1000 ಕೋಟಿ ವರ್ಷಗಳ ಹಿಂದೆ ಲೀನವಾದ ಆ ಗೆಲಾಕ್ಸಿಗೆ ಗಾಯಾ-ಎನ್ಸೆಲಡಸ್ ಎಂದು ಹೆಸರಾಯಿತು.

ಹಾಗೆಂದು ಸರ್ವಸ್ವವನ್ನೂ ಸಂಗಮಕ್ಕೆ ಆರೋಪಿಸುವುದು ಅತಿಯಾದೀತು. ಆಕಾಶಗಂಗೆಯ ಬಹುಪಾಲು ನಕ್ಷತ್ರಗಳು ಒಳಕ್ಕೆ ಹರಿದುಬಂದ ಅನಿಲದಿಂದ ಇಲ್ಲಿಯೇ ಹುಟ್ಟಿದವು. ಹೊರಗಿನಿಂದ ಬಂದವು ಮುಖ್ಯವಾಗಿ ಪರಿವೇಷದಲ್ಲಿವೆ. ಆ ಆಗಮನವೂ ಮುಗಿದಿಲ್ಲ: 1994ರಲ್ಲಿ ಪತ್ತೆಯಾದ ಧನೂರಾಶಿಯ ಕುಬ್ಜ ಗೆಲಾಕ್ಸಿ ಈಗಲೂ ಎಳೆಎಳೆಯಾಗಿ ಹರಿದು ಆಕಾಶಗಂಗೆಯನ್ನು ಸೇರುತ್ತಿದೆ.