ಕಲಿಯುವ ಮಗನಿಗೆ ಹಳೆಯ ಕಾರು ಸಾಕೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ತನ್ನ ತಮ್ಮನೊಂದಿಗೆ ನಮ್ಮ ಮನೆಗೆ ಬಂದಿದ್ದರು. ಮಗನಿಗೆ ಹದಿನೆಂಟು ತುಂಬಿದೆ. ಗಂಡ ದಮ್ಮಾಮಿನಿಂದ ಫೋನ್ ಮಾಡಿ, "ಒಂದು ಕಾರು ನೋಡಿ, ಮನೆಗೂ ಆಯಿತು, ಅವನಿಗೂ ಆಯಿತು" ಎಂದಿದ್ದಾರೆ. ತಮ್ಮ 2009ರ ಒಂದು ಸಣ್ಣ ಕಾರನ್ನು ಹುಡುಕಿಯೂ ಇಟ್ಟಿದ್ದ. ನಾನು ಇಪ್ಪತ್ತು ವರ್ಷದಿಂದ ಕಾರು ಓಡಿಸುವವನಾದ್ದರಿಂದ ಒಮ್ಮೆ ನೋಡಿ ಹೇಳಬೇಕಂತೆ.

"ಅಷ್ಟು ಹಳೆಯದು ಯಾಕೆ?" ಎಂದು ಕೇಳಿದೆ.

"ಕಲಿಯುವ ಹುಡುಗನಲ್ಲವೇ ಉಸ್ತಾದರೇ? ಎಲ್ಲಿಯಾದರೂ ಗುದ್ದಿದರೂ ದೊಡ್ಡ ನಷ್ಟವಿಲ್ಲ."

"ಗುದ್ದಿದರೆ ನಷ್ಟ ಕಾರಿಗೋ, ಹುಡುಗನಿಗೋ?"

ಆ ತಾಯಿ ಸುಮ್ಮನಾದರು. ನನಗೂ ಅಷ್ಟು ನೇರವಾಗಿ ಕೇಳಬಾರದಿತ್ತೇನೋ ಅನಿಸಿತು. ಆದರೆ ಸಹೋದರಿಯರೇ, ಈ ಮಾತು ಅವರೊಬ್ಬರದ್ದಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಲೆಕ್ಕಾಚಾರ ಇದೇ. ಇಪ್ಪತ್ತು ವರ್ಷ ಓಡಿಸಿದ ಅಪ್ಪನಿಗೆ ಹೊಸ ಕಾರು, ನಿನ್ನೆ ಲೈಸೆನ್ಸ್ ಪಡೆದ ಮಗನಿಗೆ ಏರ್‌ಬ್ಯಾಗೂ ಇಲ್ಲದ ಹಳೆಯ ಡಬ್ಬ. ಮನೆಯಲ್ಲಿ ತಪ್ಪು ಮಾಡುವ ಸಾಧ್ಯತೆ ಯಾರಿಗೆ ಹೆಚ್ಚೋ ಅವನಿಗೇ ರಕ್ಷಣೆ ಕಡಿಮೆ ಇರುವ ವಾಹನ! ಬಡ್ಡಿಯ ಸಾಲ ಬೇಡವೆಂದು ಕೈಯಲ್ಲಿದ್ದ ಹಣದಲ್ಲೇ ಕೊಳ್ಳುವವರಿಗೆ ಹೊಸ ಕಾರು ಕಷ್ಟ, ಒಪ್ಪುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಯಾವ ವರ್ಷದ್ದು ಎಂಬುದನ್ನು ನೋಡಿ ಕೊಳ್ಳಿ ಎನ್ನುತ್ತಿದ್ದೇನೆ.

ವರ್ಷಕ್ಕೆ ಏಕಿಷ್ಟು ಮಹತ್ವ? ನಮ್ಮ ದೇಶದಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಎಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈಯಲ್ಲಿ. ಪಕ್ಕದ ಸೀಟಿನವರ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2022ರ ಆರಂಭದಿಂದ. ಅದಕ್ಕಿಂತ ಮೊದಲು ಇವೆಲ್ಲ ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿದ್ದವು. ಮಳೆಗಾಲದಲ್ಲಿ ಒದ್ದೆ ರಸ್ತೆಯಲ್ಲಿ ಹೆದರಿದ ಹುಡುಗ ಬ್ರೇಕನ್ನು ಪೂರ್ತಿ ಒತ್ತಿಬಿಡುತ್ತಾನೆ. ಎಬಿಎಸ್ ಇಲ್ಲದಿದ್ದರೆ ಚಕ್ರ ಲಾಕ್ ಆಗಿ ಕಾರು ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಎಬಿಎಸ್ ಇದ್ದರೆ ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಬಹುದು. ಜೂನ್ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏರ್‌ಬ್ಯಾಗಿನ ಬೆಲೆ ತಿಳಿಯಲು ಒಂದು ಘಟನೆ ಸಾಕು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಗೋಡೆಯಂತಹ ತಡೆಗೆ ಗುದ್ದಿಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಅದರಲ್ಲಿದ್ದ ಫೋಕ್ಸ್‌ವ್ಯಾಗನ್ ಪೋಲೋ ಕಾರನ್ನೇ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಈಗ ನಮ್ಮಲ್ಲೇ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ನೀವು ನೋಡಿದ ಕಾರಿಗೆ ಎಷ್ಟು ಸ್ಟಾರ್ ಇದೆ ಎಂದು ಮಗನಲ್ಲೇ ಮೊಬೈಲಿನಲ್ಲಿ ಹುಡುಕಿಸಿ. ಮೈಲೇಜ್ ಎಷ್ಟೆಂದು ಅವನು ಹೇಗೂ ಹುಡುಕಿಟ್ಟಿರುತ್ತಾನೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಹಳೆಯದೇ ಆಗಲಿ, 2019ರ ಜುಲೈ ನಂತರ ತಯಾರಾದ ಕಾರು ನೋಡಿ. ಸಾಧ್ಯವಾದರೆ 2022ರ ನಂತರದ್ದು. ಇಂಜಿನ್ ಸಾಧಾರಣ ಶಕ್ತಿಯದ್ದಿರಲಿ, 1200 ಸಿಸಿ ಆಸುಪಾಸಿನ ಪೆಟ್ರೋಲ್ ಕಾರು ಧಾರಾಳ ಸಾಕು. ಟರ್ಬೋ ಇಂಜಿನ್ ಬೇಡ. ಕೆಲವು ಅಪ್ಪಂದಿರಿಗೆ ಮಗ ದೊಡ್ಡ ಎಸ್‌ಯುವಿಯಲ್ಲಿ ಮದುವೆ ಹಾಲ್‌ಗೆ ಬಂದಿಳಿಯಬೇಕೆಂಬ ಆಸೆ. ಎತ್ತರದ, ಭಾರದ ವಾಹನ ವೇಗದಲ್ಲಿ ತಿರುಗಿಸಿದಾಗ ಮಗುಚುವ ಅಪಾಯ ಹೆಚ್ಚು, ಕಲಿಯುವವನಿಗೆ ಅದರ ಅಗಲದ ಅಂದಾಜೂ ಸಿಗುವುದಿಲ್ಲ. ಹಾಲ್‌ಗೆ ಬಂದವರು ಹತ್ತು ನಿಮಿಷ ನೋಡಿ ಊಟಕ್ಕೆ ಹೋಗುತ್ತಾರೆ.

"ಹಾಗಾದರೆ ಕಲಿಯುವುದು ಯಾವುದರಲ್ಲಿ?" ಎಂದು ಆ ತಮ್ಮ ಕೇಳಿದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಅದರಲ್ಲಿ ಕಲಿಸುವವರ ಕಾಲಿನ ಬಳಿಯೂ ಬ್ರೇಕ್ ಇರುತ್ತದೆ. ಕಲಿಕಾ ಲೈಸೆನ್ಸ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಆದರೆ 31ನೆಯ ದಿನವೇ ಹೋಗಬೇಕೆಂದೇನೂ ಇಲ್ಲ.

ಹಳೆಯ ಕಾರನ್ನು ನೋಡಲು ಹೋಗುವಾಗ ಗಂಡಸರು ಬಾನೆಟ್ ಎತ್ತಿ ಇಂಜಿನ್ ಸುತ್ತ ನಿಲ್ಲುತ್ತಾರೆ. ನೀವು ಒಳಗೆ ಕುಳಿತು ಕೀ ತಿರುಗಿಸಿ. ಮೀಟರಿನ ಬಳಿ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಕೆಟ್ಟಿದೆ. ಹೊತ್ತಲೇ ಇಲ್ಲವೆಂದರೆ ಇನ್ನೂ ಹೆಚ್ಚು ಅನುಮಾನಿಸಿ. ಒಮ್ಮೆ ಅಪಘಾತದಲ್ಲಿ ಬಿಚ್ಚಿದ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ ಮುಚ್ಚಿಟ್ಟಿರಬಹುದು. ಎಲ್ಲ ಸೀಟ್ ಬೆಲ್ಟ್‌ಗಳನ್ನೂ ಕೊನೆಯವರೆಗೆ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ನೆರೆಯ ನೀರಿನಲ್ಲಿ ಮುಳುಗಿದ ಕಾರು ಇರಬಹುದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1518 ಎಂದಿದ್ದರೆ 2018ರ ಹದಿನೈದನೆಯ ವಾರದ್ದು. ಅಷ್ಟು ಹಳೆಯ ಟಯರಿನಲ್ಲಿ ಮಗನನ್ನು ಮಳೆಗೆ ಕಳಿಸಬೇಡಿ, ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಮುಂದೆ ಕಬ್ಬಿಣದ ಗಾರ್ಡ್ ಇದ್ದರೆ ತೆಗೆಸಿಬಿಡಿ. ಅದು ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಲು ಅಡ್ಡಿಯಾಗಬಹುದು, ಕೇಂದ್ರ ಸರಕಾರ 2017ರಲ್ಲೇ ಅದನ್ನು ನಿಷೇಧಿಸಿದೆ. ಬೆಲ್ಟ್ ಹಾಕದಿದ್ದಾಗ ಆಗುವ ಸದ್ದನ್ನು ನಿಲ್ಲಿಸಲು ಸಿಕ್ಕಿಸುವ ಕ್ಲಿಪ್ ಸಿಕ್ಕಿದರೆ ಕಸದ ಬುಟ್ಟಿಗೆ ಹಾಕಿ. ಬೆಲ್ಟ್ ಇಲ್ಲದವನಿಗೆ ಏರ್‌ಬ್ಯಾಗೇ ಪೆಟ್ಟು ಕೊಡಬಲ್ಲದು. ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ತೀರಿಕೊಂಡಾಗ ಬಹಳ ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ.

ಮಗಳು ಕಲಿಯುವುದಾದರೆ ಇನ್ನೆರಡು ಮಾತು. ಈಗ ನಮ್ಮ ಹೆಣ್ಮಕ್ಕಳೂ ಕಲಿಯುತ್ತಿದ್ದಾರೆ, ಸೌದಿಯಲ್ಲೇ 2018ರ ಜೂನ್‌ನಿಂದ ಮಹಿಳೆಯರು ಓಡಿಸುತ್ತಿದ್ದಾರೆ. ಎತ್ತರ ಕಡಿಮೆ ಇರುವವರು ಸ್ಟಿಯರಿಂಗಿಗೆ ತೀರಾ ಹತ್ತಿರ ಕೂರುತ್ತಾರೆ. ಎದೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಆದ್ದರಿಂದ ಸೀಟನ್ನು ಮೇಲೆ ಕೆಳಗೆ ಮಾಡಲು ಬರುವ ಕಾರನ್ನೇ ಆರಿಸಿ. ಬುರ್ಖಾದ ಅಂಚು ಪೆಡಲಿನ ಬಳಿ ಹೋಗದಂತೆ ನೋಡಿಕೊಳ್ಳಬೇಕು. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಖಂಡಿತ ಬೇಡ.

ಇನ್ನು ಆರ್‌ಸಿ. ಗಂಡ ಗಲ್ಫಿನಲ್ಲಿರುವ ಮನೆಗಳಲ್ಲಿ ಕಾರು ಸಾಮಾನ್ಯವಾಗಿ ಯಾರ ಹೆಸರಿನಲ್ಲಿರುತ್ತದೆ? ನಿಮ್ಮ ಹೆಸರಿನಲ್ಲಿ! 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 199ಎ ಕಲಂ ಪ್ರಕಾರ ಹದಿನೆಂಟು ತುಂಬದ ಮಗ ಕಾರು ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. "ಗಲ್ಲಿಯೊಳಗೆ ಮಾತ್ರ ಉಮ್ಮಾ" ಎಂದು ಹದಿನಾರರ ಮಗ ಕೀ ಕೇಳುವಾಗ ಇದನ್ನು ನೆನಪಿಸಿಕೊಳ್ಳಿ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಕಾರು ಬೈಕಿಗೆ ಬಡಿದು ಇಬ್ಬರು ಯುವ ಇಂಜಿನಿಯರುಗಳು ಸತ್ತರು, ಹುಡುಗನ ತಂದೆಯ ಬಂಧನವಾಯಿತು. ಆ ಇಬ್ಬರ ತಾಯಂದಿರಿಗೆ ಯಾವ ಕಾನೂನು ಏನು ಕೊಟ್ಟೀತು?

ವಿಮೆಯ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದಿರುತ್ತದಲ್ಲ, ಅದು ಲೈಸೆನ್ಸ್ ಇರುವ ಮಾಲೀಕರು ಸ್ವತಃ ಓಡಿಸುವಾಗಿನದ್ದು. ಆರ್‌ಸಿ ನಿಮ್ಮ ಹೆಸರಲ್ಲಿದ್ದು ಮಗ ಓಡಿಸಿದರೆ ಅವನಿಗೆ ಅದು ಅನ್ವಯಿಸುವುದಿಲ್ಲ. ಅವನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಬೇಕಾಗುತ್ತದೆ. ಹಳೆಯ ಕಾರು ಕೊಂಡರೆ ಆರ್‌ಸಿಯ ಜೊತೆ ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಿಂದಿನವರ ಬ್ಯಾಂಕ್ ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

ಒಳ್ಳೆಯ ಕಾರು ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ನ್ಯೂಝಿಲ್ಯಾಂಡಿನಲ್ಲಿ 1987ರಿಂದ ಹೊಸಬರಿಗೆ ಹಂತ ಹಂತವಾಗಿ ಲೈಸೆನ್ಸ್ ಕೊಡುತ್ತಾರೆ. ಎರಡನೆಯ ಹಂತದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಬ್ಬನೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಅಂತಹ ಕಾನೂನಿಲ್ಲ, ಆದರೆ ಅಂತಹ ತಾಯಿ ಇರಬಹುದು. ಒಬ್ಬನೇ ಇದ್ದಾಗ ನಲ್ವತ್ತರಲ್ಲಿ ಹೋಗುವ ಹುಡುಗ, ಹಿಂದೆ ಮೂವರು ಗೆಳೆಯರು ಕುಳಿತರೆ ಎಂಬತ್ತಕ್ಕೆ ಏರುತ್ತಾನೆ. ಈದ್‌ನ ಸಂಜೆ ಕಡಲತೀರದ ರಸ್ತೆಯಲ್ಲಿ ನಿಂತು ನೋಡಿ. ಮೊದಲ ಒಂದು ವರ್ಷ ಇಶಾ ನಮಾಝಿನ ಬಳಿಕ ಕೀ ಉಮ್ಮನ ಕೈಯಲ್ಲಿರಲಿ. ಗೆಳೆಯರು ಒಬ್ಬರಿಗಿಂತ ಹೆಚ್ಚು ಬೇಡ. ಮನೆಯವರು ಜೊತೆಗಿದ್ದರೆ ರಾತ್ರಿಯಲ್ಲೂ ಮಳೆಯಲ್ಲೂ ಓಡಿಸಲಿ, ಇಲ್ಲದಿದ್ದರೆ ಕಲಿಯುವುದು ಯಾವಾಗ? ಇದನ್ನು ಕಾರು ಕೊಳ್ಳುವ ಮೊದಲೇ ಮಾತಾಡಿ ಮುಗಿಸಬೇಕು. ಕೀ ಕೈಗೆ ಬಂದ ಮೇಲೆ ಹಾಕುವ ಷರತ್ತನ್ನು ಮಕ್ಕಳು ಜಗಳವೆಂದೇ ತಿಳಿಯುತ್ತಾರೆ.

ಆ ತಾಯಿ 2009ರ ಕಾರನ್ನು ಕೊಳ್ಳಲಿಲ್ಲ. ದಮ್ಮಾಮಿನವರಿಗೆ ಮೊದಲು ಸ್ವಲ್ಪ ಬೇಸರವಾಯಿತಂತೆ, ನಂತರ "ಆರು ತಿಂಗಳು ಕಾಯಿರಿ, ಇನ್ನಷ್ಟು ಕಳಿಸುತ್ತೇನೆ" ಎಂದರಂತೆ. ಹುಡುಗ ಈಗ ಸುಬುಹಿ ನಮಾಝ್ ಮುಗಿಸಿ ಡ್ರೈವಿಂಗ್ ಸ್ಕೂಲಿನ ಕಾರಿಗಾಗಿ ಮಸೀದಿಯ ಗೇಟಿನ ಬಳಿ ನಿಂತಿರುತ್ತಾನೆ. ಮೊನ್ನೆ ಸಿಕ್ಕಿದಾಗ, "ಉಸ್ತಾದ್, ರಿವರ್ಸ್ ಇನ್ನೂ ಬರುವುದಿಲ್ಲ" ಎಂದ.