ಕೊನೆಯ ರೂಪಾಯಿ ಎಷ್ಟು ಆಯುಸ್ಸು ಕೊಟ್ಟೀತು?

ಸರ್ಕಾರ ಆರೋಗ್ಯಕ್ಕೆ ಇನ್ನೊಂದಿಷ್ಟು ಹಣ ಸುರಿದರೆ ಜನರ ಆಯುಸ್ಸು ಎಷ್ಟು ಹೆಚ್ಚುತ್ತದೆ? ಹೆಚ್ಚು ಖರ್ಚಾದ ಜಿಲ್ಲೆಯನ್ನೂ ಕಡಿಮೆ ಖರ್ಚಾದ ಜಿಲ್ಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಸಾವುಗಳನ್ನು ಎಣಿಸಿದರೆ ಸಾಕೆಂದು ಮೊದಲಿಗೆ ಅನಿಸುತ್ತದೆ. ಆದರೆ ಹಾಗೆ ಎಣಿಸಿದಾಗ ಹೆಚ್ಚು ಹಣ ಹೋದ ಕಡೆಯೇ ಹೆಚ್ಚು ಸಾವು ಕಾಣಿಸಬಹುದು. ಕಾಯಿಲೆ ಹೆಚ್ಚಿರುವ ಕಡೆಗೇ ಹಣ ಹರಿಯುವುದರಿಂದ ಹೀಗಾಗುತ್ತದೆ. ಬಾಡಿದ ಗಿಡಕ್ಕೆ ಹೆಚ್ಚು ನೀರು ಹೊಯ್ದು, ನೀರಿನಿಂದಲೇ ಗಿಡ ಬಾಡಿತು ಎಂದು ದೂರಿದ ಹಾಗೆ. ಆದ್ದರಿಂದ ಈ ಲೆಕ್ಕ ಮಾಡಹೊರಟವರು ಮೊದಲು ಹುಡುಕಬೇಕಾದದ್ದು, ಕಾಯಿಲೆಯ ಕಾರಣಕ್ಕಲ್ಲದೆ ಬೇರಾವುದೋ ಕಾರಣಕ್ಕೆ ಒಂದು ಕಡೆ ಬಂದು ಇನ್ನೊಂದು ಕಡೆ ಬಾರದೆ ಉಳಿದ ಹಣವನ್ನು.

ಅಂಥದ್ದೊಂದು ಸಂದರ್ಭ ಕರ್ನಾಟಕದಲ್ಲೇ ಒದಗಿತ್ತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಆರಂಭವಾಯಿತು, ದಕ್ಷಿಣಕ್ಕೆ 2012ರಲ್ಲಿ ಬಂತು. ನಡುವಿನ ಅವಧಿಯಲ್ಲಿ ಆಡಳಿತದ ಗೆರೆಯೊಂದರ ಆಚೆಗೆ ಸೌಲಭ್ಯವಿತ್ತು, ಈಚೆಗೆ ಇರಲಿಲ್ಲ. ಊರುಗಳು ಮಾತ್ರ ಹೆಚ್ಚುಕಡಿಮೆ ಒಂದೇ ಬಗೆಯವು. ಸಂಶೋಧಕರು ಗೆರೆಯ ಆಚೀಚೆಗಿನ 572 ಹಳ್ಳಿಗಳಲ್ಲಿ ಸುಮಾರು 60 ಸಾವಿರ ಮನೆಗಳನ್ನು ಸಮೀಕ್ಷೆ ಮಾಡಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಸೌಲಭ್ಯವಿದ್ದ ಬಡ ಕುಟುಂಬಗಳಲ್ಲಿ ಶೇ 0.32, ಇಲ್ಲದವುಗಳಲ್ಲಿ ಶೇ 0.90. ಈ ವ್ಯತ್ಯಾಸ ನೀರಿನದೋ ರಸ್ತೆಯದೋ ಆಗಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವೂ ಆ ಹಳ್ಳಿಗಳಲ್ಲೇ ಇತ್ತು. ಯೋಜನೆಗೆ ಅರ್ಹರಲ್ಲದ ಎಪಿಎಲ್ ಕುಟುಂಬಗಳ ಸಾವಿನ ಪ್ರಮಾಣದಲ್ಲಿ ಗೆರೆಯ ಆಚೆಗೂ ಈಚೆಗೂ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ಜೀವಾಳ ಇದೇ.

ಹಣದಿಂದ ಫಲವಿದೆ ಎಂಬುದು ಇಲ್ಲಿ ಗೊತ್ತಾಯಿತು. ಯಾವ ದರಕ್ಕೆ ಎಂಬ ಕಠಿಣ ಪ್ರಶ್ನೆಯನ್ನು ಎತ್ತಿಕೊಂಡವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲಾಕ್ಸ್ಟನ್ ಮತ್ತು ಸಂಗಡಿಗರು. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ 152 ಸ್ಥಳೀಯ ಘಟಕಗಳು ಯಾವ ಬಗೆಯ ಕಾಯಿಲೆಗೆ ಎಷ್ಟು ಖರ್ಚು ಮಾಡಿದವೆಂಬ ಲೆಕ್ಕ ಬೇರೆಬೇರೆಯಾಗಿ ಸಿಗುತ್ತಿತ್ತು. ಕಾಯಿಲೆಯ ಒತ್ತಡದಿಂದ ಬಂದ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಬೇರ್ಪಡಿಸಿ ಅವರು 2015ರಲ್ಲಿ ಕೊಟ್ಟ ಅಂದಾಜು: ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 12,936 ಪೌಂಡ್. ಅರ್ಧ ಆರೋಗ್ಯದಲ್ಲಿ ಬದುಕಿದ ಎರಡು ವರ್ಷವನ್ನೂ ಈ ಲೆಕ್ಕ ಒಂದೆಂದೇ ಹಿಡಿಯುತ್ತದೆ. ಆದರೆ ಹೊಸ ಔಷಧಗಳನ್ನು ಪರಿಶೀಲಿಸುವ ನೈಸ್ ಸಂಸ್ಥೆ ಆಗ ಒಪ್ಪುತ್ತಿದ್ದ ಬೆಲೆ ವರ್ಷಕ್ಕೆ 20ರಿಂದ 30 ಸಾವಿರ ಪೌಂಡ್. ಬಜೆಟ್ ಅಷ್ಟೇ ಇರುವಾಗ 30 ಸಾವಿರಕ್ಕೆ ಒಬ್ಬರಿಗೆ ಒಂದು ವರ್ಷ ಕೊಟ್ಟರೆ ಬೇರೆಲ್ಲೋ ಎರಡು ವರ್ಷಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಔಷಧ ಪಡೆದವರ ಮುಖ ನಮಗೆ ಕಾಣುತ್ತದೆ. ಮುಂದೂಡಿದ ಶಸ್ತ್ರಚಿಕಿತ್ಸೆಯಿಂದ, ಸಿಗದ ನರ್ಸ್‌ನಿಂದ ನಷ್ಟವಾದವರು ಯಾರೆಂದು ಯಾರಿಗೂ ತಿಳಿಯದು.

ಜೀವಕ್ಕೆ ಬೆಲೆ ಕಟ್ಟುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಇಲ್ಲಿ ಬೆಲೆ ಕಟ್ಟುತ್ತಿರುವುದು ಜೀವಕ್ಕಲ್ಲ, ಹಣಕ್ಕೆ. ಅದೇ ಹಣ ಬೇರೆಡೆ ಎಷ್ಟು ಜೀವ ಉಳಿಸೀತು ಎಂಬುದಕ್ಕೆ. ಲೆಕ್ಕ ಬೇಡವೆಂದರೆ ಕಾಣದವರ ನಷ್ಟವನ್ನು ಸೊನ್ನೆ ಎಂದು ಹಿಡಿದಂತೆ. ಯಾರ್ಕ್ ಅಂದಾಜಿನಲ್ಲಿ ಊಹೆಗಳಿವೆ ಎಂಬ ಇನ್ನೊಂದು ಆಕ್ಷೇಪ ನಿಜ. ಸಾವು ಕಡಿಮೆಯಾದ ಪ್ರಮಾಣದಲ್ಲೇ ನೋವು, ಅಶಕ್ತತೆಗಳೂ ಕಡಿಮೆಯಾಗುತ್ತವೆ ಎಂದು ಅದು ಬಹುಮಟ್ಟಿಗೆ ಭಾವಿಸಿಕೊಂಡಿತು. ಆ ಸಂಖ್ಯೆ ಹೆಚ್ಚುಕಡಿಮೆ ಆಗಬಹುದು, ಸೊನ್ನೆಯಂತೂ ಆಗಲಾರದು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಲದ್ದು. ಹೃದಯದ ಶಸ್ತ್ರಚಿಕಿತ್ಸೆಯ ಫಲ ಎರಡು ವರ್ಷದಲ್ಲಿ ಕಂಡೀತು. ರಕ್ತದೊತ್ತಡದ ಮಾತ್ರೆಯ ಪೂರ್ಣ ಫಲ ಕಾಣಲು ಹಲವು ವರ್ಷ ಬೇಕು. 2012ರಲ್ಲಿ ಆರೋಗ್ಯಶ್ರೀ ದಕ್ಷಿಣಕ್ಕೂ ವಿಸ್ತರಿಸಿತು, ವಿಸ್ತರಿಸಲೇಬೇಕಿತ್ತು. ಆ ಹಳ್ಳಿಗಳ ನಡುವಿನ ಗೆರೆಯೂ ಅಲ್ಲಿಗೆ ಅಳಿಸಿಹೋಯಿತು. ಹತ್ತು ವರ್ಷದ ಲೆಕ್ಕ ಬೇಕೆಂದರೆ ಇನ್ನೊಂದು ಗೆರೆಯನ್ನೇ ಹುಡುಕಬೇಕು.